ಅಳಿಸಲಾರದ ಮುಖ

ಬಟ್ಟೆ ಒಣಗಿಯೇ ಇದೆ, ಎರಡು ಸಲ ಕೆನ್ನೆಗೆ ಒತ್ತಿ ನೋಡಿದೆ, ಹಳೇ ಹತ್ತಿ ಹೊದಿಕೆಯ ತುಂಡು, ಬೆಳಗ್ಗೆ ನಾನೇ ಇಸ್ತ್ರಿ ಮಾಡಿ ತಂದದ್ದು, ಹಾಗಿದ್ದರೆ ಗೋಡೆ ಯಾಕೆ ಒದ್ದೆ, ನಿನ್ನೆ ಅಳಿಸಿದ ಹದಿನೆಂಟನೆಯ ಮುಖದ ಜಾಗ, ಆ ಕನ್ನಡಕದ ಮುದುಕರದ್ದು, ಈಗ ಬರೀ ಬೂದು ಮಬ್ಬು, ಅದರಲ್ಲಿ ಕೆನ್ನೆ ಇದ್ದ ಎತ್ತರಕ್ಕೆ ಎರಡು ಬೆರಳಗಲ ಪಸೆ — ಹದಿನೆಂಟಕ್ಕೆ ಹದಿನೆಂಟೂ ಹೀಗೇ, ಅಳಿಸಿದ ಮರುದಿನ ಪಸೆ. ಪ್ಲಂಬರ್ ಬಂದು ಗೋಡೆಗೆ ಕಿವಿಯಿಟ್ಟು ಹೋದ, ಇದರಲ್ಲಿ ಪೈಪೇ ಇಲ್ಲ ಮೇಡಂ, ಮೇಲೂ ಇಲ್ಲ ಕೆಳಗೂ ಇಲ್ಲ, ಯಾರೂ ಇಲ್ಲದಾಗ ನಾನು ಬೆರಳಿಗೆ ಹಚ್ಚಿಕೊಂಡು ನಾಲಿಗೆಗಿಟ್ಟೆ, ಉಪ್ಪು, ಗೋಡೆಗೆ ಉಪ್ಪು ಹತ್ತುವುದು ಹೊಸದೇನಲ್ಲ, ಇಪ್ಪತ್ತಾರು ವರ್ಷ ಗೋಡೆಗಳ ಜೊತೆ ಏಗಿದವಳಿಗೆ ಅಷ್ಟೂ ಗೊತ್ತಿಲ್ಲವೇ, ಆದರೂ ಆ ದಿನ ಊಟ ಸೇರಲಿಲ್ಲ. ಹನ್ನೊಂದಕ್ಕೆ ಇನ್ನು ಐದು ನಿಮಿಷ ಇದೆ, ಜನ ಬರುತ್ತಿದ್ದಾರೆ, ಚಪ್ಪಲಿ ಸದ್ದು, ಕೆಮ್ಮು, ಹಗ್ಗದ ಆಚೆ ಮುಂದಿನ ಬೆಂಚಿನಲ್ಲಿ ಅಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ಬಸ್ಸಿಗೆ ಕಾಯುವವಳಂತೆ, ಮತ್ತು ನನ್ನೆದುರಿಗೆ ನನ್ನಷ್ಟೇ ಎತ್ತರದ ಹತ್ತೊಂಬತ್ತನೆಯ ಮುಖ, ಅದರತ್ತ ನಾನಿನ್ನೂ ನೇರವಾಗಿ ನೋಡಿಲ್ಲ.

ಈ ಗ್ಯಾಲರಿಯಲ್ಲಿ ನನ್ನನ್ನು ಗೋಡೆಯಮ್ಮ ಎನ್ನುತ್ತಾರೆ, ಒಂದು ಪ್ರದರ್ಶನ ಮುಗಿದು ಇನ್ನೊಂದು ಶುರುವಾಗುವುದರೊಳಗೆ ಮೊಳೆಯ ತೂತುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಹೊಡೆದು, ಬಿಳಿ ಬಳಿಯುವುದು ನನ್ನ ಕೆಲಸ, ಎಲ್ಲರೂ ಚಿತ್ರ ನೋಡುತ್ತಾರೆ ನಾನು ಚಿತ್ರದ ಹಿಂದಿನದ್ದನ್ನು ನೋಡುತ್ತೇನೆ. ಈಚೆಗೆ ಬರುವ ಕಲಾವಿದರಿಗೆಲ್ಲ ಹಾಳುಮಾಡುವ ಹುಚ್ಚು, ಒಬ್ಬ ತಾನೇ ಹೊಲಿದ ನೂರು ಅಂಗಿಗಳನ್ನು ಇಲ್ಲೇ ಕೂತು ಎಳೆ ಎಳೆಯಾಗಿ ಬಿಚ್ಚಿದ, ಒಬ್ಬಳು ಗಾಜಿನ ಕುರ್ಚಿ ಮಾಡಿ ಅದರ ಮೇಲೆ ಕೂತಳು, ಜನ ಚಪ್ಪಾಳೆ ಹೊಡೆದರು, ಚೂರು ಗುಡಿಸಿದ್ದು ನಾನು, ಹಾಳುಮಾಡುವುದೇ ಕಲೆಯಾದರೆ ನಾನು ಐದನೇ ವಯಸ್ಸಿಗೇ ದೊಡ್ಡ ಕಲಾವಿದೆ — ಬೇಡ, ಅದು ಈಗ ಬೇಡ. ಈ ಸಲದವನು ಮೆಲುಮಾತಿನವನು, ತೀರಿಹೋದ ಮೂವತ್ತೊಂದು ಜನರ ಮುಖಗಳನ್ನು ಗೋಡೆಯ ಮೇಲೇ ಇದ್ದಿಲಲ್ಲಿ ಬರೆದ, ಒಬ್ಬೊಬ್ಬರದ್ದು ಒಂದೇ ಫೋಟೋ, ಮನೆಯವರು ಕೊಟ್ಟದ್ದು, ಉದ್ಘಾಟನೆಯ ದಿನ ಆ ಫೋಟೋಗಳನ್ನೆಲ್ಲ ಕಾಗದ ಕತ್ತರಿಸುವ ಯಂತ್ರಕ್ಕೆ ಹಾಕಿದ, ಮೂಲ ಉಳೀಬಾರದು ಗೋಡೆಯಮ್ಮ, ಉಳಿದ್ರೆ ಅಳಿಸಿದ್ದಕ್ಕೆ ಅರ್ಥ ಇರಲ್ಲ. ದಿನಕ್ಕೊಂದು ಮುಖ ನೀವು ಅಳಿಸಿ, ಒಣ ಬಟ್ಟೆಯಿಂದ, ಮೇಲಿನಿಂದ ಕೆಳಕ್ಕೆ, ಪುಡಿ ಕೆಳಗೆ ಬೀಳತ್ತಲ್ಲ, ಒಂದೇ ನಿಯಮ, ಅಳಿಸೋರು ಅಳಬಾರದು. ಹೇಳಿ ತಾನೇ ನಕ್ಕ, ನಾನೂ ನಕ್ಕೆ, ಆಗ ಹತ್ತೊಂಬತ್ತನೆಯದು ಯಾರೆಂದು ನನಗೆ ತಿಳಿದಿರಲಿಲ್ಲ.

ಅಮ್ಮ ಕೊಟ್ಟಿದ್ದಳು, ನನಗೆ ಹೇಳದೆ, ಪೇಪರಿನಲ್ಲಿ ಬಂದಿತ್ತಂತೆ, ಅಳಿಸಲಾರದ ಮುಖವೊಂದು ನಿಮ್ಮಲ್ಲಿದ್ದರೆ ನಮಗೆ ಕೊಡಿ, ಅದನ್ನು ಕತ್ತರಿಸಿಕೊಂಡು, ಶಾಲೆಯ ಗುಂಪುಫೋಟೋದಿಂದ ಕತ್ತರಿಸಿ ತೆಗೆದಿಟ್ಟಿದ್ದ ಹೆಬ್ಬೆರಳಗಲದ ಅಕ್ಕನನ್ನು ಲಕೋಟೆಯಲ್ಲಿ ಹಾಕಿ, ಸಹಿ ಮಾಡಿ ಬಂದಿದ್ದಳು. ಯಾಕಮ್ಮ ಕೊಟ್ಟೆ, ಇದ್ದಿದ್ದೇ ಅದೊಂದು. ಅಳಿಸಲಾರದ ಮುಖ ಅಂದ್ರೆ ಇನ್ನು ಯಾರ ಕೈಲೂ ಅಳಿಸೋಕಾಗದ ಮುಖ ತಾನೆ, ಅವಳನ್ನ ಇನ್ಯಾರು ಅಳಿಸ್ತಾರೆ ಹೇಳು, ಜ್ವರ ಇಲ್ಲ, ಶಾಲೆ ಇಲ್ಲ, ತಂಗಿ ಕಾಟ ಇಲ್ಲ. ಒಂದು ಪದ, ಎರಡು ಬಾಗಿಲು, ಅಮ್ಮ ಕಣ್ಣೀರಿನ ಬಾಗಿಲಿನಿಂದ ಹೋದಳು, ಅವರು ಒರೆಸುವ ಬಾಗಿಲಿನಿಂದ ಬಂದರು, ತಪ್ಪು ಯಾರದ್ದೆಂದು ಯಾರನ್ನು ಕೇಳುವುದು. ಗ್ಯಾಲರಿ ನಡೆಸುವ ಮೇಡಂ ಹತ್ತಿರ ಹೋದೆ, ಇದೊಂದನ್ನ ಬಿಟ್ಟುಬಿಡೋಣ ಮೇಡಂ, ಅವರು ನನ್ನ ಕೈ ಹಿಡಿದುಕೊಂಡರು, ಕಡೇ ದಿನ ಇಡೀ ಗೋಡೆಗೆ ನೀವೇ ಬಿಳಿ ಹೊಡೀಬೇಕಲ್ವಾ, ಕಷ್ಟ ಆದ್ರೆ ಆವತ್ತೊಂದಿನ ಬೇರೆಯವರ ಕೈಲಿ ಮಾಡಿಸ್ತೀನಿ. ಬೇರೆಯವರ ಕೈ ಅಕ್ಕನ ಮುಖದ ಮೇಲೆ, ಅದು ಸಾಧ್ಯವಿಲ್ಲ, ನಾನೇ ಮಾಡ್ತೀನಿ ಎಂದೆ. ಇವತ್ತು ಬೆಳಗ್ಗೆ ಅಮ್ಮ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು, ನಾನೂ ಬರ್ತೀನಿ, ಈ ಸಲ ಮುಂದೆ ಕೂತ್ಕೋತೀನಿ. ಈ ಸಲ ಎಂದರೆ ಏನು ಎಂದು ಕೇಳಲಿಲ್ಲ, ಬಸ್ಸು ಬಂತು.

ಗಂಟೆ ಹೊಡೆಯಿತು, ಮಾತು ನಿಂತಿತು, ಕತ್ತೆತ್ತಿದೆ — ಅಕ್ಕ, ಒಂಬತ್ತು ವರ್ಷ, ಎರಡು ಜಡೆ, ಒಂದು ಬಿಗಿ ಒಂದು ಸಡಿಲ, ತಾನೇ ಹಾಕಿಕೊಳ್ಳುತ್ತಿದ್ದಳಲ್ಲ ಎಡಗೈಗೆ ಸರಿಯಾಗಿ ಬರುತ್ತಿರಲಿಲ್ಲ, ಮೇಲಿನಿಂದ ಕೆಳಕ್ಕೆ ಎಂದು ಕೈಗೆ ಹೇಳುತ್ತೇನೆ, ಹದಿನೆಂಟು ದಿನ ಕೇಳಿದ ಕೈ ಇವತ್ತು ಕೇಳುವುದಿಲ್ಲ, ಸೀದಾ ಗದ್ದಕ್ಕೆ ಹೋಗುತ್ತದೆ. ಗದ್ದದಿಂದ ಮೇಲಕ್ಕೆ, ಆವತ್ತೂ ಹೀಗೇ, ಐದು ವರ್ಷದವಳಿಗೆ ಎಟುಕಿದ್ದು ಅಲ್ಲಿಂದಲೇ, ಅಡುಗೆಮನೆ ಬಾಗಿಲಿನ ಹಿಂಬದಿ, ಅಕ್ಕ ಇದ್ದಿಲಲ್ಲಿ ತನ್ನದೇ ಮುಖ ಬರೆದಿದ್ದಳು, ಇದು ನಾನು, ನಾನು ಶಾಲೆಗೆ ಹೋದಾಗ ಇದರ ಹತ್ರ ಮಾತಾಡು, ನನಗೂ ಇದ್ದಿಲು ಕೊಡೇ, ಕೊಡಲ್ಲ ಹೋಗೇ, ಎಂಥ ಸಿಟ್ಟು ಬಂತು, ಅವಳು ಶಾಲೆಗೆ ಹೋದಮೇಲೆ ಒಲೆಯ ಪಕ್ಕದ ಮಸಿಬಟ್ಟೆ ನೀರಲ್ಲಿ ಅದ್ದಿ ತಂದು ಉಜ್ಜಿದೆ, ಗದ್ದ ಹೋಯಿತು, ಬಾಯಿ ಹೋಯಿತು, ಮೂಗು, ಸ್ಟೂಲು ಎಳೆದು ಹತ್ತಿದೆ, ಜಡೆ ಹೋಯಿತು, ಹಣೆ, ಬಲಗಣ್ಣು, ಎಡಗಣ್ಣಿಗೆ ಬಟ್ಟೆ ಇಡುವಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ, ಅಕ್ಕನ್ನ ಅಳಿಸ್ಬೇಡ ಕಣೇ. ನಿಂತುಬಿಟ್ಟೆ. ದೊಡ್ಡವಳಾದ ಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಅದು ಅಮ್ಮ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದ ಮಾತು, ನೋಡದೇ ಅಂದಿರುತ್ತಾಳೆ, ಅವಳಿಗೆ ಏನೂ ಗೊತ್ತಿಲ್ಲ. ಸಂಜೆ ಶಾಲೆಯಿಂದ ಬಂದ ಅಕ್ಕ ಬಾಗಿಲು ನೋಡಲೇ ಇಲ್ಲ, ತಲೆ ನೋಯ್ತಿದೆ ಎಂದು ಮಲಗಿದಳು, ಮೈ ಕೆಂಡ, ಒಂಬತ್ತನೇ ದಿನ ಇರಲಿಲ್ಲ. ಬಾಗಿಲಿನ ಮುಖವೆಲ್ಲ ನಾನೇ ಒರೆಸಿದ್ದೆ, ಕಣ್ಣೊಂದು ಬಿಟ್ಟಿದ್ದೆ.

ಬಾಯಿ ಹೋಯಿತು. ಗೋಡೆಯ ಇದ್ದಿಲು ಪಾದದ ಮೇಲೆ ಉದುರುತ್ತದೆ. ಆ ಕಣ್ಣು ಬಾಗಿಲಲ್ಲಿ ಉಳಿಯಿತು, ಅಪ್ಪ ಬಣ್ಣ ಹೊಡೆದರು, ಕೆಲವು ತಿಂಗಳಿಗೆ ಕಣ್ಣು ಮತ್ತೆ ಅಲ್ಲೇ, ಮತ್ತೆ ಹೊಡೆದರು, ಮತ್ತೆ ಬಂತು, ಮೂರು ಸಲ, ಅಪ್ಪ ಬ್ರಶ್ ತೊಳೆದಿಟ್ಟರು, ಈ ಕೆಲಸ ಕಲಿತ ಮೇಲೆ ನನಗೆ ಗೊತ್ತಾಯಿತು, ಪ್ರೈಮರ್ ಇಲ್ಲದಿದ್ದರೆ ಒಳಗಿನ ಕಲೆ ಮೇಲೆದ್ದು ಬರುತ್ತದೆ, ಅಷ್ಟೇ, ಅಪ್ಪ ತೀರಿಕೊಂಡ ವರ್ಷ ನಾಲ್ಕನೇ ಸಲ ನಾನೇ ಹೊಡೆದೆ, ಕೆರೆದು, ಉಜ್ಜಿ, ಎರಡು ಕೈ ಪ್ರೈಮರ್ ಹೊಡೆದು, ಮೇಲೆ ಎರಡು ಕೈ ಬಣ್ಣ, ಹಾಗಿದ್ದೂ ಒಂದು ಬೆಳಗ್ಗೆ ನೀರು ಕುಡಿಯಲು ಹೋದರೆ ಬಾಗಿಲಲ್ಲಿ ಕಣ್ಣು. ಪ್ರೈಮರ್ ಹಳೆಯದಿರಬೇಕು ಎಂದುಕೊಂಡೆ. ಗೋಡೆಯ ಮೇಲೆ ಮೂಗು ಹೋಯಿತು, ಜಡೆಗಳು, ಬಿಗಿಯದ್ದು, ಸಡಿಲದ್ದು, ಹಣೆ, ಬಲಗಣ್ಣು, ಇನ್ನೊಂದೇ ಉಳಿದದ್ದು, ಬಟ್ಟೆ ಮಡಿಸಿದೆ, ಹೊಸ ಮಗ್ಗುಲು ಮೇಲೆ ಮಾಡಿದೆ, ಕೈ ಎತ್ತಿದೆ. ಅಕ್ಕನ್ನ ಅಳಿಸ್ಬೇಡ ಕಣೇ.

ಅದೇ ದನಿ, ಆದರೆ ಒಳಗಿನಿಂದಲ್ಲ, ಬೆನ್ನ ಹಿಂದಿನಿಂದಲೇ, ಅಮ್ಮ ಹಗ್ಗ ದಾಟಿ ಬಂದಿದ್ದಾಳೆ, ಕೈಚೀಲ ಬೆಂಚಿನಲ್ಲಿ, ಮೇಡಂ ಎದ್ದು ನಿಂತವರು ಅಲ್ಲೇ ನಿಂತಿದ್ದಾರೆ, ಅಮ್ಮ ನನ್ನ ಕೈ ಸರಿಸಿ ಹೆಬ್ಬೆರಳನ್ನು ಆ ಕಣ್ಣಿನ ಕೆಳಗೆರೆಯ ಮೇಲೆ ಇಟ್ಟು ಒಂದೇ ಎಳೆತಕ್ಕೆ ತಿದ್ದಿದಳು, ತಡಕಾಡಲಿಲ್ಲ, ಎಷ್ಟೋ ಸಲ ಮಾಡಿದ ಕೈ. ಆವತ್ತೇ ನೋಡಿದ್ನಲ್ಲೇ, ಬಾಗಿಲ ಸಂದೀಲಿ, ಅದಕ್ಕೇ ಕೂಗಿದ್ದು, ಚಿಕ್ಕವಳು ನೀನು ಏನಂತ ಬೈಯಲಿ. ಎಷ್ಟು ವರ್ಷ, ಅಮ್ಮ, ಎಷ್ಟು ವರ್ಷ ನಾನೊಬ್ಬಳೇ ಹೊತ್ತೆ ಎಂದುಕೊಂಡಿದ್ದೆ. ನಿಮ್ಮಪ್ಪ ಬಣ್ಣ ಹೊಡೆದಾಗೆಲ್ಲ ನಾನೇ ಇದ್ದಿಲು ತಗೊಂಡು ಬರೀತಿದ್ದೆ, ಅವಳ ಕೈ ಕೆಲಸ ಅಂತ ಅದೊಂದು ಚೂರು ಉಳಿದಿತ್ತಲ್ಲ, ಹೋಗೋಕೆ ಬಿಡಲಿಲ್ಲ, ಮೂರು ಸಲ. ಎದೆಯಿಂದ ಒಂದು ಕಲ್ಲು ಇಳಿಯಿತು, ಕಲೆ ಮೇಲೆದ್ದು ಬಂದದ್ದಲ್ಲ, ದೆವ್ವವಲ್ಲ, ಅಮ್ಮ, ಬರೀ ಅಮ್ಮ, ನಗು ಬಂತು, ಅಳುವೂ ಬಂತು, ಅಳಿಸೋರು ಅಳಬಾರದು, ಆಗ ಅಮ್ಮ ನನ್ನ ಬೆನ್ನು ಸವರಿ ಹೇಳಿದಳು, ನಾಲ್ಕನೇ ಸಲ ನನ್ನ ಕೈ ನಡುಗ್ತಿತ್ತು, ಬರೆಯೋಕಾಗಲಿಲ್ಲ, ಬೆಳಗ್ಗೆ ಎದ್ದು ನೋಡಿದ್ರೆ ನೀನೇ ಬರೆದಿದ್ದೆ, ಸದ್ಯ, ಇವಳಿಗೂ ಅವಳು ಬೇಕು ಅಂತ ಆವತ್ತಿಂದ ಹಾಯಾಗಿ ನಿದ್ದೆ ಮಾಡಿದೆ ಕಣೇ.

ನಾನು ಬರೆಯಲಿಲ್ಲ. ಹೇಳಲಿಲ್ಲ, ಹೇಗೆ ಹೇಳಲಿ, ಮನೆಯಲ್ಲಿ ಆಗ ಇದ್ದದ್ದು ನಾವಿಬ್ಬರೇ, ಎರಡು ಕೈ ಪ್ರೈಮರ್, ಬಾಗಿಲು, ಕಣ್ಣು, ಅಮ್ಮನ ಹೆಬ್ಬೆರಳು ಕಪ್ಪಗಿದೆ, ಬಟ್ಟೆ ಒಣಗಿದೆ, ಮತ್ತೆ ಮುಟ್ಟಿ ನೋಡಿದೆ, ಒಣಗಿಯೇ ಇದೆ, ಗೋಡೆಯ ಮೇಲೆ ಒಂದೇ ಕಣ್ಣು, ಎಡಗಣ್ಣು, ಇನ್ನೂ ಅಳಿಸಿಲ್ಲ, ನಾನು ಅಳಿಸಿಲ್ಲ, ಒದ್ದೆ.