ಲೈಸಮ್ಮನ ಸ್ವಂತ ಪ್ರಾರ್ಥನೆ

ಸ್ವಂತ ಮಾತು ಎಂದರೆ ಎಷ್ಟು ಉದ್ದ ಇರಬೇಕು? ಮರಗೆಣಸಿನ ಸಿಪ್ಪೆ ಸುಲಿಯುತ್ತ ಲೈಸಮ್ಮ ಯೋಚಿಸಿದಳು. ಎರಡು ವಾಕ್ಯ ಸಾಕೇ? ಒಂಬತ್ತನೇ ತರಗತಿಗೆ ಎಲೆಯ ಉಸಿರಾಟವನ್ನು ನಲವತ್ತು ನಿಮಿಷ ಒಂದೇ ಸಮನೆ ಪಾಠ ಮಾಡುವ ಬಾಯಿ ಇದು.

ತಪ್ಪೆಲ್ಲ ಅತ್ತೆಯ ಕಣ್ಣಿನದು. ಪೊರೆ ತೆಗೆಸಲು ತೃಶೂರಿನ ಮಗಳ ಮನೆಗೆ ಹೋದ ಅಮ್ಮಚ್ಚಿ, ಪಾಲಾ ಊರಿನ ಈ ಮನೆಯ ಸಂಜೆ ಪ್ರಾರ್ಥನೆಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ದಿನಾ ಏಳಕ್ಕೆ ವಿಡಿಯೋ ಕರೆ. ಯೇಸುವಿನ ಪಟದ ಕೆಳಗೆ ಹೂದಾನಿಗೆ ಒರಗಿಸಿದ ಫೋನು. ಅದರೊಳಗೆ ಕಪ್ಪು ಕನ್ನಡಕದ ಅಮ್ಮಚ್ಚಿ, ಸಿನಿಮಾದ ಕಳ್ಳಸಾಗಣೆದಾರನ ಹಾಗೆ. ಇವತ್ತು ಬೆಳಿಗ್ಗೆಯೇ ಆಜ್ಞೆ ಬಂದಿತ್ತು: "ಗಂಟಲು ಕಟ್ಟಿದೆ ಮೋಳೆ, ನನ್ನ ಮಗಳೇ. ನೀನೇ ನಡೆಸು. ಕೊನೇಲಿ ಸ್ವಂತ ಪ್ರಾರ್ಥನೆ ಹೇಳಬೇಕು, ಪುಸ್ತಕದ್ದಲ್ಲ."

ಹದಿನಾರು ವರ್ಷ ಅಮ್ಮಚ್ಚಿ ಪ್ರಾರ್ಥಿಸಿದ್ದಳು, ಲೈಸಮ್ಮ ಆಮೆನ್ ಅಂದಿದ್ದಳು. ಆ ಆಮೆನ್‌ನೊಳಗೆ ಸಾರಿನ ಉಪ್ಪು, ನಾಳಿನ ಇಸ್ತ್ರಿ, ಎಲ್ಲ ಇರುತ್ತಿತ್ತು, ದೇವರೊಬ್ಬನನ್ನು ಬಿಟ್ಟು. ಯಾರಿಗೂ ತಿಳಿದಿರಲಿಲ್ಲ. ಇವತ್ತು ತಿಳಿಯಬಹುದು.

"ಇಚ್ಚಾಯ, ನೀವೇ ಹೇಳಿಬಿಡಿ," ಎಂದಳು ಗಂಡನಿಗೆ.

"ನಾನಾ?" ಕುರಿಯನ್ ಮೀನಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿದ. "ನಾನು ಬಾಯಿಬಿಟ್ರೆ ಅಮ್ಮಚ್ಚಿ ಪಾದ್ರಿಯನ್ನ ಕರೆಸ್ತಾಳೆ."

"ಫೋನನ್ನೇ ಕೇಳಮ್ಮ," ದೊಡ್ಡ ಮಗಳು ಟ್ರೀಸ ಹೇಳಿದಳು. "ಬರೆದುಕೊಡುತ್ತೆ. ಅಳೋ ಹಾಗೆ ಬೇಕಾ, ಸಾದಾ ಬೇಕಾ ಅಂತಾನೂ ಕೇಳುತ್ತೆ."

"ಸುಮ್ನಿರೇ." ಸಾದಾ ಆದರೆ ಸಾಕಿತ್ತು ಎಂದು ಲೈಸಮ್ಮನಿಗೆ ಒಂದು ಕ್ಷಣ ಅನ್ನಿಸದೆ ಇರಲಿಲ್ಲ.

ಏಳಕ್ಕೆ ಎಲ್ಲರೂ ಮಂಡಿಯೂರಿದರು. ಫೋನಿನಲ್ಲಿ ಮೊದಲು ಅಮ್ಮಚ್ಚಿಯ ಕಿವಿ ಕಂಡಿತು, ಆಮೇಲೆ ಗದ್ದ, ಆಮೇಲೆ ಅವಳು. ಪುಸ್ತಕದ ಭಾಗವೆಲ್ಲ ಸರಾಗವಾಗಿ ಮುಗಿಯಿತು. ಆರು ವರ್ಷದ ಕಿರಿಮಗಳು ಅನ್ನು ಎರಡೇ ಸಲ ಆಕಳಿಸಿದಳು.

ಲೈಸಮ್ಮ ಕಣ್ಣು ಮುಚ್ಚಿದಳು. ಒಳಗೆ ಏನೂ ಇರಲಿಲ್ಲ. ಆ ಏನೂ ಇಲ್ಲದ್ದರಿಂದಲೇ, ಅವಳಿಗೇ ಆಶ್ಚರ್ಯವಾಗುವಂತೆ, ಮಾತು ಎದ್ದಿತು.

"ದೇವರೇ, ಇಷ್ಟು ವರ್ಷ ನಿನ್ನ ಎದುರು ಕೂತಿದ್ದೇನೆ, ನಿನ್ನ ಜೊತೆ ಒಂದು ಸಲವೂ ಮಾತಾಡಿಲ್ಲ. ನೀನೂ ಆಡಿಲ್ಲ. ಇದ್ದರೆ, ಒಮ್ಮೆ ನನ್ನ ಹೆಸರು ಹಿಡಿದು ಕರಿ. ಅಮ್ಮ ಅಂತಲ್ಲ, ಟೀಚರ್ ಅಂತಲ್ಲ."

ಎದೆ ಹಗುರಾಯಿತು. ಈಗ ಬೈಗುಳವೋ ಅಳುವೋ ಏನಾದರೂ ಬರಲಿ ಎಂದು ಕಾದಳು.

ನಗು ಕೇಳಿಸಿತು. ಕಣ್ಣು ಬಿಟ್ಟರೆ ಮೂರು ಬೆನ್ನುಗಳು. ನೆಟ್‌ವರ್ಕ್ ಸಿಗದೆ ಫೋನಿನ ಚಿತ್ರ ನಡುವೆಯೇ ನಿಂತುಹೋಗಿ, ಅಮ್ಮಚ್ಚಿ ಬಾಯಿ ತೆರೆದವಳು ಹಾಗೇ ಕಲ್ಲಾಗಿದ್ದಳು.

"ಕರಿಮೀನು! ಥೇಟ್ ಕರಿಮೀನು!" ಟ್ರೀಸ ಹೊಟ್ಟೆ ಹಿಡಿದುಕೊಂಡಿದ್ದಳು. ಕುರಿಯನ್ ಫೋನನ್ನು ಎತ್ತಿಕೊಂಡು ಕಿಟಕಿಗೆ ಆರತಿ ಎತ್ತುವವನ ಹಾಗೆ ಸುತ್ತಿಸುತ್ತಿದ್ದ.

"ಹಲೋ! ಯಾರಾದ್ರೂ ಇದ್ದೀರಾ ಅಲ್ಲಿ?" ಫೋನು ಕೂಗಿತು.

"ಇದ್ದೀವಿ, ಇದ್ದೀವಿ!"

"ಲೈಸ ಪ್ರಾರ್ಥನೆ ಮಾಡಿದಳಾ? ಏನೂ ಕೇಳಿಸಲಿಲ್ಲ."

ಕುರಿಯನ್ ತಿರುಗಿದ. "ಹೇಳಿದ್ಯಾ? ನಾವೂ ಕೇಳಿಸಿಕೊಳ್ಳಲಿಲ್ಲ ಕಣೆ. ಇನ್ನೊಂದು ಸಲ ಹೇಳು."

ನಾಲ್ಕು ಮುಖಗಳು, ಒಂದಕ್ಕಿಂತ ಒಂದು ಮುದ್ದು, ಅವಳನ್ನೇ ನೋಡುತ್ತಿದ್ದವು. ಬಾಯಿ ತೆರೆದಳು. ಆ ಮಾತು ಎಲ್ಲೂ ಸಿಗಲಿಲ್ಲ.

"ಅಮ್ಮಚ್ಚಿಯ ಕಣ್ಣು ಬೇಗ ವಾಸಿಯಾಗಲಿ. ಟ್ರೀಸಗೆ ಗಣಿತದಲ್ಲಿ ಒಳ್ಳೆ ಮಾರ್ಕು ಬರಲಿ. ಮನೆಯಲ್ಲಿ ಸಮಾಧಾನ ಇರಲಿ."

"ಆಮೆನ್!" ಅಮ್ಮಚ್ಚಿ ಕನ್ನಡಕ ಎತ್ತಿ ಕಣ್ಣೊರೆಸಿಕೊಂಡಳು. "ಎಷ್ಟು ಚೆನ್ನಾಗಿ ಹೇಳಿದೆ ಮೋಳೆ! ಹೃದಯದಿಂದ ಬಂತು. ಇಷ್ಟು ದಿನ ಯಾಕೆ ಬಾಯಿ ಮುಚ್ಕೊಂಡಿದ್ದೆ?"

ಆಮೇಲೆ ಯೇಸುವಿನ ಹೆಸರಲ್ಲಿ ಹಿರಿಯರಿಗೆ ಸ್ತುತಿ ಹೇಳುವ ಸರದಿ. ಹುಡುಗಿಯರು ಪದ್ಧತಿಯಂತೆ ಸಾಲಾಗಿ ಹೋಗಿ, ಅಜ್ಜಿಯ ಕೈಯ ಬದಲು ಗಾಜು ಮುಟ್ಟಿ, "ಈಶೋಗೆ ಸ್ತುತಿಯಾಗಲಿ," ಎಂದರು. "ಈಗಲೂ ಎಂದೆಂದಿಗೂ," ಎಂದು ಅಮ್ಮಚ್ಚಿ ಉತ್ತರಿಸಿದಳು. ಅಲ್ಲಿಂದ ನೇರ ಊಟದ ಮೇಜಿಗೆ ಓಟ.

ಪುಸ್ತಕ ಎತ್ತಿಟ್ಟು ಲೈಸಮ್ಮ ಕೊನೆಯವಳಾಗಿ ಫೋನಿನ ಮುಂದೆ ಬಂದಳು. ಕರೆ ಕತ್ತರಿಸಲು ಮರೆತ ಅಮ್ಮಚ್ಚಿ ಅಲ್ಲಿ ಫೋನನ್ನು ಅಂಗಾತ ಇಟ್ಟು ಎದ್ದು ಹೋಗಿದ್ದಳು. ಫೋನಿನೊಳಗೆ ಆ ಮನೆಯ ಬಿಳಿ ಚಾವಣಿ. ನಿಧಾನ ತಿರುಗುವ ಫ್ಯಾನು.

"ಈಶೋಗೆ ಸ್ತುತಿಯಾಗಲಿ," ಎಂದಳು.

ಒಳಗಿನಿಂದ ನಗೆ, ತಟ್ಟೆಗಳ ಸದ್ದು. ಫ್ಯಾನು ತಿರುಗುತ್ತಲೇ ಇತ್ತು. ಪರದೆಯ ಒಂದು ಮೂಲೆಯಲ್ಲಿ, ಅಂಚೆಚೀಟಿಯಷ್ಟು ಚೌಕದೊಳಗೆ, ಅವಳದೇ ಮುಖದ ಹೆಂಗಸೊಬ್ಬಳು ಉತ್ತರಕ್ಕೆ ಕಾಯುತ್ತ ತಲೆ ಎತ್ತಿ ನೋಡುತ್ತಿದ್ದಳು.