ಉತ್ತರಕ್ಕೆ ಮುಂಚಿನ ಮೌನ

ಮಾತಿಗೆ ಅಧಿದೇವತೆಯಿದ್ದಾಳೆ; ಮೌನಕ್ಕೆ ಯಾರೋ ತಿಳಿಯದು. ಆದರೂ ನಿರೂಪಕರೊಬ್ಬರ ಮನೆಯ ಒಲೆ ಉರಿದದ್ದು ಮೌನದಿಂದಲೇ. ಟಿವಿಯ ಪ್ರಶ್ನೋತ್ತರದ ಆಟವನ್ನು ಎರಡು ದಶಕಗಳಿಂದ ನಡೆಸಿಬಂದ ಅವರಿಗೊಂದು ವ್ರತವಿತ್ತು. ಸ್ಪರ್ಧಿಯ ಉತ್ತರ ತಪ್ಪಾದರೆ ಒಡನೆಯೇ ಹೇಳಿಬಿಡುವರು. ಸೋತವನನ್ನು ಕಾಯಿಸುವುದು ಕ್ರೌರ್ಯವೆಂದು ಅವರ ಮತ. ಸರಿಯಾದರೆ ಮಾತ್ರ ಮುಖ ಬಾಡಿಸಿ, ಕಣ್ಣು ತಗ್ಗಿಸಿ, ಸಭೆಯೆಲ್ಲ ಉಸಿರು ಬಿಗಿಹಿಡಿಯುವವರೆಗೂ ಸುಮ್ಮನಿರುವರು. ಈ ಗುಟ್ಟನ್ನು ಮನೆಯಲ್ಲಿ ಮೊದಲು ಹಿಡಿದವಳು ಮಗಳು. ಸೋಫಾದ ಮೇಲೆ ಅಮ್ಮನಿಗೆ ಒರಗಿ, "ಅಪ್ಪ ಮುಖ ಇಳಿಬಿಟ್ರು, ಗೆದ್ದ ಬಿಡಮ್ಮ!" ಎಂದು ಕೂಗುತ್ತ ಬೆಳೆದವಳು.

ಆ ಅಮ್ಮನ ಹೃದಯಕ್ಕೆ ಶಸ್ತ್ರಚಿಕಿತ್ಸೆಯಾದ ದಿನ ವೈದ್ಯರು ನಿರೂಪಕರನ್ನಷ್ಟೇ ಒಳಗೆ ಕರೆದು, "ಉಳಿಸ್ಕೊಳ್ಳೋಕೆ ಆಗ್ಲಿಲ್ಲ ಸಾರ್" ಎಂದರು.

ಅವರು ಹೊರಬಂದೊಡನೆ ಬೆಂಚಿನಿಂದ ಮಗಳು ಎದ್ದು ನಿಂತಳು. ಕೆಟ್ಟ ಸುದ್ದಿಯನ್ನು ತಡಮಾಡದೆ ಹೇಳಬೇಕೆಂಬುದನ್ನು ಅವರಿಗಿಂತ ಬಲ್ಲವರಾರು? ಆದರೆ ನಾಲಗೆ ಹೊರಳಲಿಲ್ಲ. ಮುಖ ಬಾಡಿತು, ಕಣ್ಣು ತಗ್ಗಿತು.

ಮಗಳ ಮುಖ ಮೆಲ್ಲನೆ ಅರಳಿತು.

"ಅಪ್ಪಾ! ಇಲ್ಲೂ ನಿಮ್ಮ ನಾಟಕಾನಾ? ಜೀವ ಬಾಯಿಗೆ ಬಂದಿತ್ತು ನಂಗೆ!" ಅವರ ಎದೆಗೆ ಗುದ್ದಿ, ನಗುತ್ತಲೇ ಕಣ್ಣೊರೆಸಿಕೊಂಡು ಫೋನು ತೆಗೆದಳು. "ಚಿಕ್ಕಮ್ಮಾ, ಅಮ್ಮ ಗೆದ್ಲು! ಹ್ಞೂಂ, ಬಾಯಿ ಬಿಡ್ತಿಲ್ಲ, ಸತಾಯಿಸ್ತಿದ್ದಾರೆ. ನಿಮ್ಮ ಭಾವನ ಬುದ್ಧಿ ಗೊತ್ತಲ್ಲ!"

ಅವರು ಅಡ್ಡಡ್ಡ ತಲೆಯಾಡಿಸಿದರು. ಅದನ್ನೂ ಅವಳು ಆಟವೆಂದೇ ತಿಳಿದಳು. ಅಷ್ಟರಲ್ಲಿ ನರ್ಸ್ ಬಂದು ಕೇಳಿದಳು: "ಸಾರ್, ಬಾಡಿ ಯಾವಾಗ ತಗೊಂಡು ಹೋಗ್ತೀರಿ?"

ಮರಳಿ ಆಟದ ಕುರ್ಚಿಯೇರಿದ ನಿರೂಪಕರು ಸರಿಯಾದ ಉತ್ತರ ಬಿದ್ದೊಡನೆ "ಸರಿ" ಎಂದುಬಿಡತೊಡಗಿದರು. ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ನಿರ್ದೇಶಕ, "ಸ್ವಲ್ಪ ಎಳೀರಿ ಸಾರ್, ಜನ ಚಾನೆಲ್ ಬದಲಾಯಿಸ್ತಾರೆ" ಎಂದು ಅಂಗಲಾಚುತ್ತಿದ್ದ. ಅವರಿಂದಾಗಲಿಲ್ಲ. ಗೆದ್ದವರಿಗೆ ಗೆದ್ದ ಹಿಗ್ಗೇ ಹುಟ್ಟದಾಯಿತು. ವರ್ಷ ತುಂಬುವ ಮೊದಲೇ ಕುರ್ಚಿ ಬೇರೆಯವರ ಪಾಲಾಯಿತು.

ಈಗ ತಂದೆ ಮಗಳು ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಏನನ್ನೋ ಹೇಳಲು ತಲೆಯೆತ್ತಿದ ಅವರು ಮಾತಿಗಾಗಿ ಅರೆಕ್ಷಣ ತಡವರಿಸಿದರೂ ಸಾಕು, ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಾಳೆ.