ಸೋಪಿನ ನೀರು

ಡಾರ್ಕೊ ವ್ಯಾಗನ್ನಿನ ಬ್ರೇಕ್ ಪೈಪಿನ ಕೀಲುಗಳಿಗೆ ಮತ್ತೊಮ್ಮೆ ಸೋಪಿನ ನೀರು ಹಚ್ಚುತ್ತಿದ್ದ. ಗಾಳಿ ಸೋರುತ್ತಿದ್ದರೆ ಅಲ್ಲಿ ಗುಳ್ಳೆ ಏಳಬೇಕು. ಏಳುತ್ತಿರಲಿಲ್ಲ.

ಪೋರ್ಟ್ ಕೆಂಬ್ಲಾ ಬಂದರಿನ ರೈಲು ಶೆಡ್ಡಿನ ಮೇಲಂತಸ್ತಿನ ಕಿಟಕಿಯಿಂದ ಎಂಜಿನಿಯರ್ ರಿಯಾನನ್ ಅವನನ್ನೇ ನೋಡುತ್ತಿದ್ದಳು. ನಿನ್ನೆಯ ಪರೀಕ್ಷೆಯಲ್ಲಿ ಹೊಸ ಕಲ್ಲಿದ್ದಲ ವ್ಯಾಗನ್ನಿನ ಬ್ರೇಕ್ ತಡವಾಗಿ ಹಿಡಿದು, ವ್ಯಾಗನ್ ಹಳಿಯ ಕೊನೆಯ ತಡೆಗೆ ಗುದ್ದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಬ್ರೇಕ್ ಸರಿಯಾಗಿಯೇ ಹಿಡಿದಿತ್ತು. ಹಾಗಾಗಿ ಪೈಪು ಜೋಡಿಸಿದ ಫಿಟ್ಟರ್ ಡಾರ್ಕೊನದೇ ತಪ್ಪು ಎಂದಾಯಿತು.

ಆ ಲೆಕ್ಕ ಮಾಡಿದವಳು ರಿಯಾನನ್. ಬ್ರೇಕ್ ಸಿಲಿಂಡರಿನ ಜಾಗಕ್ಕೆ ಅವಳು ಸಾಫ್ಟ್‌ವೇರಿನ ಪಟ್ಟಿಯಿಂದ ಎಳೆದು ಹಾಕಿದ್ದು ಅಳತೆ ಬದಲಾಗದ ಚೇಂಬರ್, ಮುಚ್ಚಿದ ಡಬ್ಬಿಯಂಥದ್ದು. ನಿಜವಾದ ಸಿಲಿಂಡರಿನಲ್ಲಿ ಪಿಸ್ಟನ್ ಸರಿಯುತ್ತದೆ. ಸರಿದಷ್ಟೂ ತುಂಬಲು ಹೆಚ್ಚು ಗಾಳಿ ಬೇಕು, ಹೆಚ್ಚು ಹೊತ್ತು ಬೇಕು. ಪಿಸ್ಟನ್ ಇರುವ ಚೇಂಬರ್ ಅದೇ ಪಟ್ಟಿಯಲ್ಲಿ, ಅದರ ಕೆಳಗೇ ಇತ್ತು. ಅದನ್ನು ಹಾಕಿದರೆ ಲೆಕ್ಕ ಅರ್ಧಕ್ಕೇ ನಿಂತುಬಿಡುತ್ತಿತ್ತು. ಅಂದು ಶುಕ್ರವಾರ, ಗೆಳತಿಯರು ಬೀಚಿನಲ್ಲಿ ಕಾಯುತ್ತಿದ್ದರು. ಆಮೇಲೆ ಬದಲಿಸಿದರಾಯಿತು ಅಂದುಕೊಂಡಿದ್ದಳು.

ಇವತ್ತು ಬೆಳಿಗ್ಗೆ ಬದಲಿಸಿ, ಲೆಕ್ಕ ಕೊನೆ ಮುಟ್ಟುವವರೆಗೂ ಬಿಡದೆ ಓಡಿಸಿದಳು. ತೆರೆಯ ಮೇಲೆ ಗಾಳಿಯ ಒತ್ತಡದ ಗೆರೆ ನಿನ್ನೆಯ ಬ್ರೇಕಿನಷ್ಟೇ ತಡವಾಗಿ ಏರಿತು.

"ಮುಗಿದಿದ್ದನ್ನ ಯಾಕೆ ಕೆದಕ್ತೀಯ?" ಅವಳು ಅದನ್ನು ತೋರಿಸಿದಾಗ ಮ್ಯಾನೇಜರ್ ಗ್ಯಾವನ್ ಮಾಂಸದ ಪೈ ತಿನ್ನುತ್ತಲೇ ಕೇಳಿದ. "ಅವನನ್ನೇನು ಮನೆಗೆ ಕಳಿಸ್ತಿಲ್ವಲ್ಲ. ಬ್ರೇಕ್ ಕೆಲಸ ಬಿಡಿಸಿ ನಾಳೆಯಿಂದ ವ್ಯಾಗನ್ ತೊಳೆಯೋಕೆ ಹಾಕ್ತೀವಿ. ನಿನ್ನ ಲೆಕ್ಕ ತಪ್ಪು ಅಂದ್ರೆ ಇಡೀ ಡಿಸೈನೇ ವಾಪಸ್ ಬರುತ್ತೆ. ಆಮೇಲೆ ನೀನೂ ತೊಳಿ."

ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗಿಳಿದಳು.

"ಬಾ, ಮಹಾರಾಣಿ. ದಾರಿ ತಪ್ಪಿ ಬಂದ್ಯಾ?" ಡಾರ್ಕೊ ವ್ಯಾಗನ್ನಿನ ಅಡಿಯಿಂದಲೇ ಮಾತಾಡಿಸಿದ. "ನನ್ನ ಕೈ ಸೋತಿದೆ ಅಂತ ಕಾಣುತ್ತೆ ಕಣಮ್ಮ. ಎಲ್ಲೋ ಸಡಿಲ ಬಿಟ್ಟಿದೀನಿ."

"ಡಾರ್ಕೊ, ಅದು..."

"ಎಲ್ಲಿ ಅಂತ ಗೊತ್ತಾಗ್ಬೇಕಷ್ಟೆ. ಗೊತ್ತಾದ್ರೆ ನಾಳೆ ಬಕೆಟ್ ಹಿಡಿಯೋಕೂ ಬೇಜಾರಿಲ್ಲ. ಹೆಂಡತಿಗಿನ್ನೂ ಹೇಳಿಲ್ಲ. ಹೇಳಿದ್ರೆ, ಮನೇಲಿ ಸೋರೋ ನಲ್ಲೀನೂ ನೀನೇ ಹಾಕಿದ್ದಲ್ವಾ ಅಂತಾಳೆ." ನಕ್ಕ. "ನಿಂತೇ ಇದ್ರೆ ಹೇಗೆ? ಈ ಟಾರ್ಚ್ ಹಿಡಿ."

ಅವಳು ಲ್ಯಾಪ್‌ಟಾಪನ್ನು ತೆರೆಯದೆ ನೆಲದ ಮೇಲಿಟ್ಟು ಟಾರ್ಚ್ ಹಿಡಿದಳು. ಅವನು ಮುಂದಿನ ಕೀಲಿಗೆ ಬ್ರಷ್ ಎಳೆದ. ನೊರೆ ಕರಗಿ ಹನಿಯಾಗಿ ಪೈಪಿನುದ್ದಕ್ಕೂ ಜಾರಿತು. ಇಬ್ಬರೂ ಬಗ್ಗಿ ಕಾದರು.

"ಸ್ವಲ್ಪ ಎಡಕ್ಕೆ," ಅಂದ ಡಾರ್ಕೊ.

ಅವಳು ಬೆಳಕನ್ನು ಎಡಕ್ಕೆ ಸರಿಸಿದಳು.